ಶಿಶುಮಂದಿರದಿಂದ ಮನೆಯಂಗಳಕ್ಕೆ

ಕನ್ನಡನಾಡಿನ ಚರಿತ್ರೆಯಲ್ಲಿ ದತ್ತಕದ ಪ್ರಸ್ತಾಪ ಬಂದೊಡನೆ ನೆನಪಿಗೆ ಬರುವವರು ಕಿತ್ತೂರಿನ ಶಿವಲಿಂಗಪ್ಪ, ಇಲ್ಲವೆ 1865ರಲ್ಲಿ ಮುಮ್ಮಡಿ ಕೃಷ್ಣರಾಜ ಒಡೆಯರು ಸ್ವೀಕರಿಸಿದ ಚಾಮರಾಜೇಂದ್ರರು. ಎರಡೆಡೆಯಲ್ಲಿಯೂ ಗಾದಿ ಬರಿದಾಗಕೂಡದೆಂಬುದೇ ಚಿಂತೆ. ಅರಮನೆಯ ಹೊರಗೆ ಗೃಹಸ್ಥರ ಮನೆಗಳಲ್ಲಿಯೂ ದತ್ತಕವೆಂಬುದು ಪಿಂಡೋದಕಕ್ಕೂ ಆಸ್ತಿಯ ವಾರಸಿಕೆಗೂ ಸಂಬಂಧಪಟ್ಟ ಕರ್ಮವಾಗಿತ್ತೇ ಹೊರತು, ತಬ್ಬಲಿ ಶಿಶುವೊಂದಕ್ಕೆ ಆಶ್ರಯ ಕಲ್ಪಿಸುವ ಕಾರ್ಯವೆಂದು ಹಿಂದಿನವರು ಅದನ್ನು ಬಗೆದಂತೆ ತೋರುವುದಿಲ್ಲ. 1956ರ ಹಿಂದೂ ದತ್ತಕ ಮತ್ತು ಜೀವನಾಂಶ ಕಾಯಿದೆ ಹೆಣ್ಣುಮಗುವಿಗೂ ಆ ಬಾಗಿಲನ್ನು ತೆರೆಯಿತು. 2015ರ ಬಾಲನ್ಯಾಯ ಕಾಯಿದೆಯಂತೂ ಮನೆತನಕ್ಕೆ ಬೇಕಾದ ಮಗುವನ್ನು ಅರಸುವ ಬದಲು ಮಗುವಿಗೆ ತಕ್ಕ ಮನೆಯನ್ನು ಅರಸತಕ್ಕದ್ದೆಂಬ ತತ್ತ್ವವನ್ನು ಎತ್ತಿಹಿಡಿಯಿತು. ಕಾನೂನು ಇಷ್ಟು ದೂರ ನಡೆದುಬಂದಿದ್ದರೂ ನಮ್ಮ ಮನಸ್ಸು ಹಳೆಯ ಎಡೆಯಲ್ಲಿಯೇ ನಿಂತಿದೆ. ಆರೋಗ್ಯವಂತ ಎಳೆಗೂಸಿಗಾಗಿ ಮೂರು ವರ್ಷಕ್ಕೂ ಮಿಗಿಲಾಗಿ ಸರದಿಯಲ್ಲಿ ಕಾಯುವ ದಂಪತಿಗಳಿರುವಾಗಲೇ, ದೇಹದಲ್ಲಿಯೋ ಬುದ್ಧಿಯಲ್ಲಿಯೋ ಕೊರತೆಯುಳ್ಳ ಮಕ್ಕಳು ಕೇಳುವವರಿಲ್ಲದೆ ಶಿಶುಮಂದಿರಗಳಲ್ಲಿಯೇ ಬೆಳೆಯುತ್ತಿರುವುದು ಅದಕ್ಕೆ ಸಾಕ್ಷಿ.

ಮಮತೆಯ ತೊಟ್ಟಿಲಲ್ಲೋ ಆಸ್ಪತ್ರೆಯ ಜಗುಲಿಯಲ್ಲೋ ದೊರೆತ ಶಿಶುವನ್ನು ಮಕ್ಕಳ ಕಲ್ಯಾಣ ಸಮಿತಿಯ ಮುಂದೆ ಹಾಜರುಪಡಿಸುವರು. ಹೆತ್ತವರ ಶೋಧ ಫಲಿಸದಿದ್ದಲ್ಲಿ, ಎರಡು ವರ್ಷದೊಳಗಿನ ಮಗುವಾದರೆ 2 ತಿಂಗಳಲ್ಲಿ, ಅದಕ್ಕಿಂತ ದೊಡ್ಡದಾದರೆ 4 ತಿಂಗಳಲ್ಲಿ, ಅದು ದತ್ತಕಕ್ಕೆ ಮುಕ್ತವೆಂದು ಸಮಿತಿ ಘೋಷಿಸತಕ್ಕದ್ದು. ಬಳಿಕ ಕೇಂದ್ರ ಪ್ರಾಧಿಕಾರವಾದ ‘ಕಾರಾ’ದ ಜಾಲತಾಣಕ್ಕೆ ವೈದ್ಯಕೀಯ ವರದಿ ಏರುವುದು, ವರದಿಯನ್ನು ಅನುಸರಿಸಿ ಮಗು ವಿಶೇಷ ಅಗತ್ಯವುಳ್ಳವರ ಪಟ್ಟಿಗೆ ಸೇರುವುದು. ಬದುಕಿನುದ್ದಕ್ಕೂ ಪರಾಧೀನತೆ ತರಬಲ್ಲ ಮೆದುಳಿನ ಪಾರ್ಶ್ವವಾಯುವೂ ಆ ಪಟ್ಟಿಯಲ್ಲುಂಟು. ಒಂದೇ ಶಸ್ತ್ರಚಿಕಿತ್ಸೆಯಿಂದ ಮುಚ್ಚಬಹುದಾದ ಹೃದಯದ ರಂಧ್ರವೂ, ವಾರವಾರ ಪ್ಲಾಸ್ಟರ್ ಬದಲಿಸಿ, ಆಮೇಲೆ ಕೆಲವು ವರ್ಷ ರಾತ್ರಿಯ ಹೊತ್ತು ವಿಶೇಷ ಬೂಟು ತೊಡಿಸಿ ನೇರಗೊಳಿಸಬಹುದಾದ ತಿರುಚಿದ ಪಾದವೂ ಉಂಟು. ಇವೆಲ್ಲವನ್ನೂ ಒಂದೇ ಅಂಜಿಕೆಯಿಂದ ಕಂಡು ಮುಂದೆ ಸಾಗುವವರೇ ಬಹುಮಂದಿ.

ಜಿಲ್ಲಾ ಕೇಂದ್ರವೊಂದರ ದತ್ತು ಸಂಸ್ಥೆಯಲ್ಲಿ ಸೀಳಂಗುಳಿನ ಕೂಸೊಂದಕ್ಕೆ ಆಯಾ ಹಾಲೂಡಿಸುತ್ತಿದ್ದುದನ್ನು ಕಂಡಿದ್ದೇನೆ. ಅಂಗುಳು ಕೂಡಿರದ ಶಿಶು ಎಷ್ಟು ಚೀಪಿದರೂ ಹಾಲನ್ನು ಸೆಳೆದುಕೊಳ್ಳಲಾರದು, ಬಾಯಿಗೆ ಬಿದ್ದದ್ದೂ ಮೂಗಿನಿಂದ ಹೊರಕ್ಕೆ ಬರುವುದು. ಆಕೆ ಕೂಸನ್ನು ತೊಡೆಯ ಮೇಲೆ ಬಹುಮಟ್ಟಿಗೆ ಕುಳ್ಳಿರಿಸಿದಂತೆ ಹಿಡಿದು, ಸ್ಟೀಲಿನ ಒಳಲೆಯ ಮೂತಿಯನ್ನು ಕೆನ್ನೆಯ ಒಳಬದಿಗೆ ತಾಗಿಸಿ, ಒಂದು ಗುಟುಕು ಇಳಿದ ಸಪ್ಪಳ ಕೇಳಿದ ಮೇಲೆಯೇ ಮುಂದಿನದನ್ನು ಬಿಡುತ್ತಿದ್ದಳು. ನಡುನಡುವೆ ಹೆಗಲಿಗೊರಗಿಸಿಕೊಂಡು ಬೆನ್ನು ಸವರಿ ತೇಗು ಬರಿಸುತ್ತಿದ್ದಳು. ಆಚೆಯ ತೊಟ್ಟಿಲುಗಳಲ್ಲಿ ಬೇರೆ ಮಕ್ಕಳು ಅಳುತ್ತಿದ್ದವು. ಆಕೆಯ ಅಕ್ಕರೆಯಲ್ಲಾಗಲಿ ನೈಪುಣ್ಯದಲ್ಲಾಗಲಿ ಕೊರತೆಯಿರಲಿಲ್ಲ. ಆಕೆಗಿದ್ದುದು ಎರಡೇ ಕೈ. ಇಂಥ ಕೂಸಿನ ತುಟಿಯನ್ನು ಹುಟ್ಟಿದ ಕೆಲವೇ ತಿಂಗಳಲ್ಲಿ, ಅಂಗುಳನ್ನು ವರ್ಷ ತುಂಬುವ ಆಸುಪಾಸಿನಲ್ಲಿ ಹೊಲಿದು ಸರಿಪಡಿಸುವರು. ಅಲ್ಲಿಂದಾಚೆಗೆ ಬೇಕಾದುದು ಮಾತಿನ ಅಭ್ಯಾಸ. ಮೈಸೂರಿನ ಅಖಿಲ ಭಾರತ ವಾಕ್ ಶ್ರವಣ ಸಂಸ್ಥೆಯಂಥ ಕಡೆ ತಜ್ಞರು ಅದನ್ನು ತೋರಿಸಿಕೊಡಬಲ್ಲರಾದರೂ, ಪ್ರತಿದಿನವೂ ಎದುರಿಗೆ ಕುಳಿತು, ಒಂದೇ ಅಕ್ಷರವನ್ನು ಬೇಸರಿಯದೆ ಹತ್ತಾರು ಸಲ ನುಡಿಸಬೇಕಾದವರು ಮನೆಯವರೇ.

ರೊಮೇನಿಯಾ ದೇಶದ ಬುಖಾರೆಸ್ಟಿನಲ್ಲಿ 2000ದ ಸುಮಾರಿಗೆ ಆರಂಭವಾಗಿ, ಅನಾಥಾಲಯದ 136 ಶಿಶುಗಳನ್ನು ವರ್ಷಾನುಗಟ್ಟಲೆ ಅನುಸರಿಸಿದ ಅಧ್ಯಯನವೊಂದರಲ್ಲಿ, ಅರ್ಧದಷ್ಟು ಮಕ್ಕಳನ್ನು ಪಾಲಕ ಕುಟುಂಬಗಳಿಗೆ ಒಪ್ಪಿಸಿ ನೋಡಲಾಗಿ, ಸಂಸ್ಥೆಯಲ್ಲಿಯೇ ಉಳಿದವರಿಗಿಂತ ಇವರ ಬುದ್ಧಿಶಕ್ತಿ ಮೇಲಾಗಿಯೂ, ಎರಡು ವರ್ಷ ತುಂಬುವ ಮೊದಲೇ ಮನೆ ಸೇರಿದವರ ಚೇತರಿಕೆ ಎಲ್ಲರಿಗಿಂತ ಮಿಗಿಲಾಗಿಯೂ ಕಂಡುಬಂದಿತು. ಗುರುತರವಾದ ಕಾಯಿಲೆಯಿರದ ಮಕ್ಕಳ ಪಾಡೇ ಹೀಗಿದ್ದಲ್ಲಿ, ಬಾಳಿನ ಮೊದಲ ಹೆಜ್ಜೆಗೇ ಆಸರೆ ಬೇಕಾದ ಮಗು ಎರಡು, ಮೂರು, ನಾಲ್ಕು ವರ್ಷ ಯಾರ ಒಪ್ಪಿಗೆಗೋ ಕಾದು ಕಳೆದುಕೊಳ್ಳುವುದೆಷ್ಟೆಂಬುದನ್ನು ಊಹಿಸುವುದು ಕಷ್ಟವಲ್ಲ.

ಹಾಗೆಂದು ಕರುಣೆಯೊಂದನ್ನೇ ನಂಬಿ ಈ ಕಾರ್ಯಕ್ಕಿಳಿಯುವುದನ್ನು ನಾನು ಮೆಚ್ಚಲಾರೆ. ಪುಣ್ಯ ಬಂದೀತೆಂದು ಕರೆತಂದ ಮಗು, ನಿದ್ದೆಗೆಟ್ಟ ರಾತ್ರಿಗಳು ಒಂದರ ಮೇಲೊಂದು ಬಂದಾಗ ಹೊರೆಯಾಗಿ ತೋರಲಾರಂಭಿಸುವುದು. ಸ್ವೀಕರಿಸಿದ ಮಕ್ಕಳನ್ನು ಸಂಸ್ಥೆಗೆ ಹಿಂದಿರುಗಿಸಿದ ಪ್ರಸಂಗಗಳು ನಮ್ಮ ದೇಶದಲ್ಲಿ ನಡೆದಿವೆ, ಒಮ್ಮೆ ತೊರೆಯಲ್ಪಟ್ಟ ಶಿಶುವನ್ನು ಮತ್ತೊಮ್ಮೆ ತೊರೆಯುವುದಕ್ಕಿಂತ ಕ್ರೂರವಾದುದನ್ನು ನಾನರಿಯೆ. ಆದಕಾರಣ ಮಗುವಿನ ವೈದ್ಯಕೀಯ ವರದಿಯನ್ನು ತಮಗೆ ನಂಬಿಕೆಯುಳ್ಳ ವೈದ್ಯರಿಗೆ ತೋರಿಸಲು ನಿಯಮಾವಳಿಯೇ ಕೊಟ್ಟಿರುವ ಅವಕಾಶವನ್ನು ದಂಪತಿಗಳು ಸಂಕೋಚವಿಲ್ಲದೆ ಬಳಸಿಕೊಳ್ಳಬೇಕು. ಐದು ವರ್ಷಗಳಾಚೆ ಈ ಮಗುವಿಗೆ ಏನೇನು ಬೇಕಾದೀತು, ನಮ್ಮೂರಿನಲ್ಲಿ ಫಿಸಿಯೋಥೆರಪಿ ಮಾಡಿಸುವವರುಂಟೆ, ಇಬ್ಬರಲ್ಲಿ ಕೆಲಸಕ್ಕೆ ರಜೆ ಹಾಕುವವರು ಯಾರು ಎಂಬುದನ್ನೆಲ್ಲ ಮೊದಲೇ ಮಾತಾಡಿಕೊಳ್ಳಬೇಕು. ತಮ್ಮಿಂದಾಗದೆಂದು ಕಂಡರೆ ಆಗದೆಂದು ಹೇಳುವುದರಲ್ಲಿ ಪಾಪವಿಲ್ಲ. ಇನ್ನು, ಈಗಾಗಲೇ ಎರಡು ಮಕ್ಕಳಿರುವ ದಂಪತಿಗಳಿಗೂ 2022ರ ದತ್ತಕ ನಿಯಮಾವಳಿ ಇಂಥ ಮಕ್ಕಳನ್ನು ಸ್ವೀಕರಿಸುವ ದಾರಿಯನ್ನು ತೆರೆದಿಟ್ಟಿದೆಯೆಂಬುದು ನಮ್ಮಲ್ಲಿ ಹೆಚ್ಚು ಮಂದಿಗೆ ತಿಳಿದಂತಿಲ್ಲ. ಮಕ್ಕಳನ್ನು ಸಾಕಿ ಪಳಗಿದ ಕೈಗಳಿಗೆ ಈ ಕೆಲಸ ಹೆಚ್ಚು ಒಗ್ಗುವುದೆಂದು ನನ್ನ ಎಣಿಕೆ.

ಮಗು ಮನೆ ಸೇರಿದ ತರುವಾಯ ಎರಡು ವರ್ಷಗಳ ಕಾಲ ಆರಾರು ತಿಂಗಳಿಗೊಮ್ಮೆ ಸಂಬಂಧಪಟ್ಟವರು ಬಂದು ಯೋಗಕ್ಷೇಮ ವಿಚಾರಿಸುವರು. ಆಮೇಲೆ ಆ ಸಂಸಾರ ಒಂಟಿಯಾಗುವುದು. ‘ನಾವು ಹೋದ ಮೇಲೆ ಇದಕ್ಕೆ ಯಾರು ಗತಿ’ ಎಂಬ ಪ್ರಶ್ನೆ ಎಷ್ಟೋ ದಂಪತಿಗಳನ್ನು ಹೊಸ್ತಿಲಲ್ಲಿಯೇ ಹಿಂದಿರುಗಿಸುವುದು. ಆಟಿಸಂ, ಮೆದುಳಿನ ಪಾರ್ಶ್ವವಾಯು, ಬುದ್ಧಿಮಾಂದ್ಯ ಮತ್ತು ಬಹುವಿಧ ಅಂಗವೈಕಲ್ಯವುಳ್ಳವರಿಗಾಗಿ 1999ರ ರಾಷ್ಟ್ರೀಯ ನ್ಯಾಸ ಕಾಯಿದೆ ಇದಕ್ಕೆ ಒಂದು ಉತ್ತರವನ್ನು ಕೊಟ್ಟಿದೆ: ‘ನಿರಾಮಯ’ ಆರೋಗ್ಯ ವಿಮೆಯಲ್ಲಿ 1 ಲಕ್ಷ ರೂಪಾಯಿವರೆಗಿನ ನೆರವು, 18 ತುಂಬಿದ ಬಳಿಕ ಕಾನೂನುಬದ್ಧ ಪೋಷಕರ ನೇಮಕ. ಆ ಪೋಷಕರನ್ನು ನೇಮಿಸುವ ಸ್ಥಳೀಯ ಸಮಿತಿಯಲ್ಲಿ ಕುಳಿತಿರುವವರು ಜಿಲ್ಲಾಧಿಕಾರಿಗಳು. ಬಾಲನ್ಯಾಯ ಕಾಯಿದೆಯ 2021ರ ತಿದ್ದುಪಡಿಯಿಂದಾಗಿ ದತ್ತಕದ ಆದೇಶಕ್ಕೆ ಅಂಕಿತ ಹಾಕುವವರೂ ಅವರೇ. ಆದೇಶ ಹೊರಡುವ ದಿನದಂದೇ ನಿರಾಮಯದ ನೋಂದಣಿಯೂ ಅಂಗವಿಕಲರ ಗುರುತಿನ ಚೀಟಿಯೂ ಸಮೀಪದ ಚಿಕಿತ್ಸಾಕೇಂದ್ರದ ವಿಳಾಸವೂ ಆ ತಂದೆತಾಯಿಗಳ ಕೈಸೇರುವಂತೆ ಏರ್ಪಡಿಸಲು ಹೊಸ ಶಾಸನವೇನೂ ಬೇಕಾಗಿಲ್ಲ. ಜಿಲ್ಲಾ ಕಚೇರಿಯಿಂದ ಒಂದು ಸುತ್ತೋಲೆ ಹೊರಟರೆ ಸಾಕು.