ಬಂಗಾರಪೇಟೆ ಟು ವೈಟ್‌ಫೀಲ್ಡ್: ಅಕ್ಕನಿಗೊಂದು ಬಾಡಿಗೆ ಮನೆ

ಅಕ್ಕ ಕೆಲಸಕ್ಕೆ ಸೇರಿದ ಏಳನೇ ವಾರ ಅವಳ ಟೀಮ್ ಲೀಡ್‌ನಿಂದ ಒಂದು ಮೇಲ್ ಬಂತು. ಅಷ್ಟರಲ್ಲಿ ಅವಳು ನಾಲ್ಕು ಸಲ ತಡವಾಗಿ ಆಫೀಸಿಗೆ ಹೋಗಿದ್ದಳು. ಪ್ರೊಬೇಷನ್ ಆರು ತಿಂಗಳು, ಹೀಗೇ ಮುಂದುವರಿದರೆ ಕೆಲಸ ಕಾಯಂ ಮಾಡುವುದು ಕಷ್ಟ ಎಂದು ಬಹಳ ಮರ್ಯಾದೆಯ ಇಂಗ್ಲಿಷಿನಲ್ಲಿ ಬರೆದಿದ್ದರು. ಅಪ್ಪನಿಗೆ ಅದನ್ನು ತೋರಿಸುವ ಧೈರ್ಯ ಅವಳಿಗಿರಲಿಲ್ಲ. ರಾತ್ರಿ ಊಟ ಆದಮೇಲೆ ಪಾತ್ರೆ ತೊಳೆಯುವ ಜಾಗಕ್ಕೆ ನನ್ನನ್ನು ಕರೆದು ಫೋನ್ ಕೈಗಿಟ್ಟಳು.

"ತಡ ಆಗಿದ್ದು ನಾನಲ್ಲ ಕಣೋ, ರೈಲು. ಇದನ್ನ ಅವರಿಗೆ ಹೇಗೆ ಹೇಳ್ಲಿ?"

ನಮ್ಮ ಊರು ಬಂಗಾರಪೇಟೆ. ಬಣ್ಣವಿಲ್ಲದ ನೀರಿನ ಪಾನಿಪುರಿಯಿಂದಾಗಿ ನೀವು ಹೆಸರು ಕೇಳಿರುತ್ತೀರಿ. ಅಪ್ಪ ಟೈಲರ್. ಅಕ್ಕನ ಓದಿಗೆ ಮಾಡಿದ ಶಿಕ್ಷಣ ಸಾಲದ ಕಂತು ಅವಳ ಮೊದಲ ಸಂಬಳದಿಂದಲೇ ಶುರುವಾಗಿತ್ತು. ನಾನು ಆಗ ಬಿ.ಇ. ಆರನೇ ಸೆಮಿಸ್ಟರ್, ಕಾಲೇಜು ಕೆ.ಆರ್. ಪುರದ ಹತ್ತಿರ. ಮುಂದಿನ ವರ್ಷದ ನನ್ನ ಫೀಸು ಕೂಡ ಅಕ್ಕನ ಸಂಬಳದ ಮೇಲೇ ನಿಂತಿತ್ತು. ಕೈಗೆ ಸಿಗುತ್ತಿದ್ದುದು ಇಪ್ಪತ್ನಾಲ್ಕು ಸಾವಿರ. ಆ ಮೇಲ್ ಓದಿದಾಗ ನನ್ನ ಹೊಟ್ಟೆಯೂ ತಣ್ಣಗಾಯಿತು.

ಅವಳ ಆಫೀಸು ವೈಟ್‌ಫೀಲ್ಡ್‌ನ ಐಟಿಪಿಎಲ್ ಕಡೆ. ಬಂಗಾರಪೇಟೆಯಿಂದ ವೈಟ್‌ಫೀಲ್ಡ್ ರೈಲು ನಿಲ್ದಾಣಕ್ಕೆ ಸುಮಾರು 45 ಕಿ.ಮೀ. ಇಳಿದು ಪಕ್ಕದಲ್ಲೇ ಇರುವ ಕಾಡುಗೋಡಿ ಮೆಟ್ರೊ ಹತ್ತಿದರೆ ಮೂರನೇ ನಿಲ್ದಾಣ ಪಟ್ಟಂದೂರು ಅಗ್ರಹಾರ. ಕಾಗದದ ಮೇಲೆ ಇದಕ್ಕಿಂತ ಸಲೀಸಾದ ದಾರಿ ಇಲ್ಲ. ರೈಲಿನ ತಿಂಗಳ ಪಾಸಿಗೆ ಐನೂರು ರೂಪಾಯಿಯೂ ಆಗುವುದಿಲ್ಲ. 2001ರಲ್ಲಿ ಕೆಜಿಎಫ್‌ನ ಚಿನ್ನದ ಗಣಿ ಮುಚ್ಚಿದ ಮೇಲೆ ಅಲ್ಲಿನ ಸಾವಿರಾರು ಮನೆಗಳು ಈ ರೈಲು ನಂಬಿಕೊಂಡೇ ಬದುಕುತ್ತಿವೆ. ಮಾರಿಕುಪ್ಪಂನಿಂದ ಹೊರಟ ಗಾಡಿ ನಮ್ಮಲ್ಲಿಗೆ ಬರುವಷ್ಟರಲ್ಲಿ ತುಂಬಿರುತ್ತದೆ. ಕನ್ನಡ, ತಮಿಳು, ತೆಲುಗು ಎಲ್ಲ ಕಲಸಿಕೊಂಡ ಮಾತು, ಒಂದು ಮೂಲೆಯಲ್ಲಿ ಇಸ್ಪೀಟು, ಇನ್ನೊಂದು ಮೂಲೆಯಲ್ಲಿ ಮಡಿಲಲ್ಲಿ ಬೀನ್ಸ್ ಮುರಿಯುವ ಆಂಟಿಯರು. ಎರಡು ವರ್ಷ ಅದರಲ್ಲೇ ಕಾಲೇಜಿಗೆ ಹೋದ ನನಗೆ ಆ ಬೋಗಿ ಬಹಳ ಇಷ್ಟ. ಆದರೆ ಕ್ಲಾಸಿಗೆ ಹತ್ತು ನಿಮಿಷ ತಡವಾದರೆ ಹಿಂದಿನ ಬೆಂಚು ಸಿಗುತ್ತದೆ ಅಷ್ಟೆ. ಅಕ್ಕನಿಗೆ ಹಾಗಲ್ಲವಲ್ಲ.

ಎಂಜಿನಿಯರಿಂಗ್ ಓದುವವರಿಗೆ ಒಂದು ರೋಗ. ಕಷ್ಟ ಬಂದರೆ ಎಕ್ಸೆಲ್ ಹಾಳೆ ತೆರೆಯುತ್ತೇವೆ. ಮರುದಿನದಿಂದ ಅಕ್ಕನಿಗೆ ಒಂದು ಕೆಲಸ ಕೊಟ್ಟೆ. ಮನೆಯ ಗೇಟು ದಾಟಿದಾಗ ಒಂದು ಮೆಸೇಜ್, ಆಫೀಸಿನ ಕುರ್ಚಿಯಲ್ಲಿ ಕೂತಾಗ ಇನ್ನೊಂದು. ಹನ್ನೆರಡು ಕೆಲಸದ ದಿನ ಹೀಗೆ ಬರೆದುಕೊಂಡೆವು. ಸರಾಸರಿ ಒಂದು ಗಂಟೆ ಐವತ್ತೆರಡು ನಿಮಿಷ. ಅವಳು ಏಳು ಇಪ್ಪತ್ತಕ್ಕೆ ಹೊರಡುತ್ತಿದ್ದಳು, ಆಫೀಸು ಒಂಬತ್ತೂವರೆಗೆ. ಸರಾಸರಿ ನೋಡಿದರೆ ಹದಿನೆಂಟು ನಿಮಿಷ ಮಿಗಬೇಕು. ಹಾಗಾದರೆ ತಡ ಆಗುವುದು ಯಾಕೆ?

ಮ್ಯಾಥ್ಸ್‌ನಲ್ಲಿ ಸ್ಟ್ಯಾಂಡರ್ಡ್ ಡೀವಿಯೇಷನ್ ಲೆಕ್ಕವನ್ನು ಬರೀ ಅಂಕಕ್ಕಾಗಿ ಮಾಡಿದ್ದೆ. ಅದು ಏನು ಹೇಳುತ್ತದೆ ಅನ್ನುವುದು ತಿಳಿದದ್ದು ಈ ಹಾಳೆಯಲ್ಲಿ. ಒಳ್ಳೆಯ ದಿನ ಒಂದು ಗಂಟೆ ಮೂವತ್ತೈದು ನಿಮಿಷ. ಎಕ್ಸ್‌ಪ್ರೆಸ್ ಗಾಡಿಗೆ ದಾರಿ ಬಿಡಲು ಟೇಕಲ್‌ನಲ್ಲೋ ಮಾಲೂರಿನಲ್ಲೋ ನಿಲ್ಲಿಸಿದ ದಿನ ಎರಡು ಗಂಟೆ ಐವತ್ತು ನಿಮಿಷ. ಹನ್ನೆರಡರಲ್ಲಿ ಮೂರು ದಿನ ಅವಳು ಒಂಬತ್ತೂವರೆ ದಾಟಿದ್ದಳು. ಸರಾಸರಿಗೆ ಸಂಬಳ ಕೊಡುವವರು ಯಾರೂ ಇಲ್ಲ, ಕೆಟ್ಟ ದಿನಕ್ಕೆ ಮಾತ್ರ ಮೇಲ್ ಬರುತ್ತದೆ.

"ಒಂದು ರೈಲು ಮುಂಚೆ ಹೋದರಾಯ್ತು" ಅಂದೆ. ಹಾಳೆಯ ಪ್ರಕಾರ ಅದು ಸರಿಯಾದ ಉತ್ತರ. ಎರಡು ವಾರ ಅದನ್ನೇ ಮಾಡಿದೆವು. ಅಕ್ಕ ಆರೂಕಾಲಿಗೆ ಹೊರಟಳು, ಒಂದು ದಿನವೂ ತಡವಾಗಲಿಲ್ಲ. ಆಮೇಲೊಂದು ದಿನ ಅಮ್ಮ ಮಧ್ಯಾಹ್ನ ಒಲೆ ಮೇಲೆ ಹಾಲಿಟ್ಟು ಗೋಡೆಗೆ ಒರಗಿ ನಿದ್ದೆ ಹೋದಳು. ಹಾಲು ಉಕ್ಕಿ, ಪಾತ್ರೆ ಸೀದು, ವಾಸನೆಗೆ ಪಕ್ಕದ ಮನೆಯವರು ಬಂದು ಎಬ್ಬಿಸಿದರು. ಐದೂವರೆಗೆ ಏಳುತ್ತಿದ್ದ ಅಮ್ಮ ಅಕ್ಕನ ಡಬ್ಬಿಗಾಗಿ ನಾಲ್ಕೂವರೆಗೆ ಏಳತೊಡಗಿದ್ದಳು. ರಾತ್ರಿ ಅಕ್ಕ ಬರುವವರೆಗೂ ಮಲಗುತ್ತಿರಲಿಲ್ಲ. ನನ್ನ ಹಾಳೆಯಲ್ಲಿ ಅಮ್ಮನಿಗೆ ಒಂದು ಕಾಲಮ್ಮೇ ಇರಲಿಲ್ಲ.

ಮನೆ ಮಾಡಲೇಬೇಕು ಎಂದು ಆ ರಾತ್ರಿ ತೀರ್ಮಾನವಾಯಿತು. ಎಲ್ಲಿ ಅನ್ನುವುದಕ್ಕೆ ಮಾತ್ರ ನಾಲ್ಕು ಜನಕ್ಕೆ ನಾಲ್ಕು ಅಭಿಪ್ರಾಯ.

ಅಪ್ಪನ ಮನಸ್ಸು ಮಾಲೂರಿನ ಮೇಲೆ. ಚಿಕ್ಕಪ್ಪ ಅಲ್ಲೇ ಇದ್ದಾರೆ, ಎರಡು ಕೋಣೆಯ ಮನೆ ಏಳು ಸಾವಿರಕ್ಕೆ ಸಿಗುತ್ತದೆ, ಅಡ್ವಾನ್ಸ್ ಐವತ್ತು ಸಾವಿರ. ಒಂದು ಭಾನುವಾರ ಹೋಗಿ ನೋಡಿ ಬಂದೆವು. ಹೆಂಚಿನ ಫ್ಯಾಕ್ಟರಿಗಳಿಗೆ ಹೆಸರಾದ ಊರಿನಲ್ಲಿ ಈಗ ಎಲ್ಲಿ ನೋಡಿದರೂ ಲೇಔಟ್ ಬೋರ್ಡು. "ಎಕ್ಸ್‌ಪ್ರೆಸ್‌ವೇ ಪಕ್ಕ, ವೈಟ್‌ಫೀಲ್ಡ್‌ಗೆ ಬರೀ 20 ನಿಮಿಷ". ಆ ಇಪ್ಪತ್ತು ನಿಮಿಷ ಯಾವ ದಿನ, ಎಷ್ಟು ಹೊತ್ತಿಗೆ ಅಂತ ಬೋರ್ಡಿನಲ್ಲಿ ಬರೆದಿರುವುದಿಲ್ಲ. ಮನೆ ಚೆನ್ನಾಗಿತ್ತು. ಆದರೆ ಮಾಲೂರಿನಿಂದ ಹೊರಟರೂ ಅದೇ ರೈಲು, ಅದೇ ಎಕ್ಸ್‌ಪ್ರೆಸ್‌ಗೆ ದಾರಿ. ದೂರ ಅರ್ಧವಾಗುತ್ತಿತ್ತು, ಅನುಮಾನ ಹಾಗೇ ಉಳಿಯುತ್ತಿತ್ತು. ಹೊಸಕೋಟೆಯ ಮಾತೂ ಬಂತು. ಅಲ್ಲಿಂದ ಬಸ್ಸಿಗೆ ಅಕ್ಕನಿಗೆ ಟಿಕೆಟ್ ಇಲ್ಲ, ಶಕ್ತಿ ಯೋಜನೆ ಇದೆ. ಆದರೆ ಮಳೆ ಬಂದ ದಿನ ವೈಟ್‌ಫೀಲ್ಡ್ ರಸ್ತೆಯಲ್ಲಿ ಬಸ್ಸಿನೊಳಗೆ ಕೂತವರಿಗೆ ಗೊತ್ತು, ಪುಕ್ಕಟೆ ಅನ್ನುವುದಕ್ಕೂ ಒಂದು ಬೆಲೆ ಇದೆ.

ನನ್ನ ಹಾಳೆಯಲ್ಲಿ ಗೆದ್ದದ್ದು ಕೆ.ಆರ್. ಪುರ. ಅಲ್ಲಿಂದ ಪಟ್ಟಂದೂರು ಅಗ್ರಹಾರಕ್ಕೆ ಮೆಟ್ರೊದಲ್ಲಿ ಎಂಟನೇ ನಿಲ್ದಾಣ, ಸಮಯದಲ್ಲಿ ನಾಲ್ಕೈದು ನಿಮಿಷಕ್ಕಿಂತ ಹೆಚ್ಚು ಏರಿಳಿತವಿಲ್ಲ. ಪ್ರತಿ ಊರಿಗೂ ನೂರಕ್ಕೆ ಅಂಕ ಹಾಕಿ ಗಂಭೀರವಾಗಿ ತೋರಿಸಿದೆ. ಅಕ್ಕ ಒಂದೊಂದೇ ಸಾಲು ಓದಿ ಒಂದು ಕಡೆ ಬೆರಳಿಟ್ಟಳು. "ತಮ್ಮನ ಕಾಲೇಜಿಗೆ ಹತ್ತಿರ: 20 ಅಂಕ."

"ಲೋ, ಕೆಲಸ ನಂದು, ಬಾಡಿಗೆ ನಂದು, ಇಪ್ಪತ್ತು ಅಂಕ ಮಾತ್ರ ನಿಂದಾ?"

ಆ ಸಾಲು ಅಳಿಸಿದ ಮೇಲೆ ಕೆ.ಆರ್. ಪುರ ಮೂರನೇ ಸ್ಥಾನಕ್ಕಿಳಿಯಿತು.

ಪಿ.ಜಿ. ಬೇಡ ಎಂದವಳು ಅಮ್ಮ. ಊಟ ಸೇರಿ ಒಂಬತ್ತು ಸಾವಿರ, ಆಫೀಸಿಗೆ ನಡೆದೇ ಹೋಗಬಹುದು. ಹೋಗಿ ನೋಡಿದರೆ ಒಂದು ಕೋಣೆಗೆ ನಾಲ್ಕು ಮಂಚ, ಮಂಚಕ್ಕೊಂದು ಬೀರು, ಕಿಟಕಿ ತೆರೆದರೆ ಪಕ್ಕದ ಕಟ್ಟಡದ ಗೋಡೆ. ಎಷ್ಟೋ ಹುಡುಗಿಯರು ಅಲ್ಲಿದ್ದುಕೊಂಡೇ ಬದುಕು ಕಟ್ಟಿಕೊಂಡಿದ್ದಾರೆ, ಅದನ್ನು ಹಗುರವಾಗಿ ಹೇಳುತ್ತಿಲ್ಲ. "ಶನಿವಾರ ಅಮ್ಮ ಬಂದ್ರೆ ಎಲ್ಲಿ ಕೂರಿಸ್ಲಿ?" ಎಂದು ಅಕ್ಕ ಕೇಳಿದಾಗ ಮಾತು ಮುಗಿಯಿತು.

ಉಳಿದದ್ದು ಕಾಡುಗೋಡಿ, ಚನ್ನಸಂದ್ರದ ಸುತ್ತಮುತ್ತ. ಇಲ್ಲಿ ಬ್ರೋಕರ್‌ಗಳ ಬಗ್ಗೆ ಒಂದು ಮಾತು. ಒಬ್ಬರು ತೋರಿಸಿದ ಮನೆ ಮೆಟ್ರೊದಿಂದ ಮೂರೂವರೆ ಕಿಲೋಮೀಟರ್ ಒಳಗಿತ್ತು. "ಸಬರ್ಬನ್ ರೈಲು ಬರುತ್ತೆ ಸರ್, ಆಗ ಈ ಬಾಡಿಗೆಗೆ ಸಿಗಲ್ಲ" ಅಂದರು. ಉಪನಗರ ರೈಲು ಯೋಜನೆಗೆ ಶಂಕುಸ್ಥಾಪನೆಯಾದದ್ದು 2022ರ ಜೂನ್‌ನಲ್ಲಿ, ನಾಲ್ಕು ಮಾರ್ಗ, ಒಟ್ಟು 148 ಕಿ.ಮೀ. ಕೆಂಗೇರಿಯಿಂದ ವೈಟ್‌ಫೀಲ್ಡ್‌ಗೆ ಬರಬೇಕಾದ ಮಾರ್ಗಕ್ಕೆ 'ಪಾರಿಜಾತ' ಎಂಬ ಚಂದದ ಹೆಸರೂ ಇದೆ. ಆದರೆ ಅಕ್ಕ ಆಫೀಸಿಗೆ ಹೋಗಬೇಕಾದದ್ದು ನಾಳೆ. ನಮ್ಮ ಸೀನಿಯರ್ ಒಬ್ಬರು ಎಲೆಕ್ಟ್ರಾನಿಕ್ ಸಿಟಿಯಲ್ಲಿ ಕೆಲಸ ಸಿಕ್ಕಾಗ, ಹಳದಿ ಮೆಟ್ರೊ ಮಾರ್ಗ ಇನ್ನೇನು ಶುರುವಾಗುತ್ತದೆ ಎಂದು ನಂಬಿ ಜಯನಗರದ ಕಡೆ ಮನೆ ಮಾಡಿದ್ದರು. ಒಂದೂವರೆ ವರ್ಷ ಸಿಲ್ಕ್ ಬೋರ್ಡ್ ಸಿಗ್ನಲ್‌ನಲ್ಲಿ ಕಳೆದು, ಸಾಕಾಗಿ ಪುಣೆಗೆ ಹೋದರು. 2025ರ ಆಗಸ್ಟ್ 10ಕ್ಕೆ ಆ ಮಾರ್ಗ ಉದ್ಘಾಟನೆಯಾದಾಗ ಅವರು ಪುಣೆಯಿಂದ ಗ್ರೂಪಿಗೆ ಹಾಕಿದ್ದು ಒಂದೇ ಒಂದು ನಗುವ ಇಮೋಜಿ. ನಕ್ಷೆಯಲ್ಲಿ ಚುಕ್ಕೆ ಚುಕ್ಕೆಯಾಗಿರುವ ಗೆರೆಗೆ ಬಾಡಿಗೆ ಕಟ್ಟಬಾರದು ಎಂದು ನಾನು ಕಲಿತದ್ದು ಅವರಿಂದ.

ನಮಗೆ ಬಹಳ ಹಿಡಿಸಿದ ಮನೆ ರೈಲು ಹಳಿಯ ಆಚೆ ಬದಿಯಲ್ಲಿತ್ತು. ಒಂದು ಹಾಲ್, ಒಂದು ಕೋಣೆ, ಮುಂದೆ ಬೇವಿನ ಮರ. ಬಾಡಿಗೆ ಒಂಬತ್ತೂವರೆ ಸಾವಿರ. ಆ ಸುತ್ತಿನಲ್ಲಿ ಅಷ್ಟು ಕಡಿಮೆಗೆ ಇನ್ನೊಂದು ಕಂಡಿರಲಿಲ್ಲ. ಬೆಳಿಗ್ಗೆ ಹನ್ನೊಂದಕ್ಕೆ ನಿಲ್ದಾಣದಿಂದ ನಡೆದು ನೋಡಿದೆ. ಹನ್ನೊಂದು ನಿಮಿಷ. ಟೋಕನ್ ಅಡ್ವಾನ್ಸ್ ಕೊಟ್ಟುಬಿಡೋಣ ಎಂದು ಅಪ್ಪ ಜೇಬಿಗೆ ಕೈ ಹಾಕಿದರು. ಅಕ್ಕ ಮಾತ್ರ "ರಾತ್ರಿ ಒಂದ್ಸಲ ಬರೋಣ" ಅಂದಳು.

ಏಳಕ್ಕೆ ಮುಗಿಯಬೇಕಾದ ಅವಳ ಕೆಲಸ ಮುಗಿಯುತ್ತಿದ್ದುದು ಎಂಟರ ಮೇಲೆ. ಹಾಗಾಗಿ ಎಂಟೂ ಮುಕ್ಕಾಲಿಗೆ ಮೆಟ್ರೊ ಇಳಿದು ಹೊರಟೆವು. ಮೊದಲ ನಾಲ್ಕು ನಿಮಿಷ ಅಂಗಡಿಗಳ ಬೆಳಕು. ಆಮೇಲೆ ಗೋದಾಮುಗಳ ಸಾಲು, ಎಲ್ಲ ಶಟರ್ ಎಳೆದವು. ಬೀದಿದೀಪದ ಕಂಬ ಇತ್ತು, ದೀಪ ಇರಲಿಲ್ಲ. ನಿಲ್ಲಿಸಿದ್ದ ಒಂದು ಲಾರಿಯ ಪಕ್ಕ ಮೂರು ಜನ ಕೂತಿದ್ದರು. ಅವರು ಏನೂ ಮಾಡಲಿಲ್ಲ, ತಲೆ ಎತ್ತಿ ನೋಡಿದರು ಅಷ್ಟೆ. ನಾನು ಬೆಳಗಿನ ಹಾಗೇ ನಡೆಯುತ್ತಿದ್ದೆ. ಪಕ್ಕಕ್ಕೆ ತಿರುಗಿದರೆ ಅಕ್ಕ ಬ್ಯಾಗನ್ನು ಮುಂದಕ್ಕೆ ತಂದುಕೊಂಡು, ಒಂದು ಕೈಯಲ್ಲಿ ಫೋನ್ ಕಿವಿಗೆ ಹಿಡಿದಿದ್ದಳು. ಯಾರಿಗೂ ಕಾಲ್ ಮಾಡಿರಲಿಲ್ಲ. ಗೋದಾಮಿನ ಕೊನೆಯಲ್ಲಿ ನಿಂತು, "ಇದು ಹಗಲು ಮಾತ್ರ ಇರೋ ಮನೆ ಕಣೋ. ನಂಗೆ ಬೇಡ" ಅಂದಳು.

ನಾನು ಅಳೆದ ಹನ್ನೊಂದು ನಿಮಿಷ ಸುಳ್ಳಾಗಿರಲಿಲ್ಲ. ನನ್ನ ಹನ್ನೊಂದು ನಿಮಿಷ ಅವಳದ್ದಾಗಿರಲಿಲ್ಲ, ಅಷ್ಟೆ.

ಆಮೇಲಿನ ಹುಡುಕಾಟವೆಲ್ಲ ರಾತ್ರಿಯೇ ನಡೆಯಿತು. ಚನ್ನಸಂದ್ರದ ಒಂದು ಬೀದಿಯಲ್ಲಿ ಬೇಕರಿ, ಔಷಧಿ ಅಂಗಡಿ, ಒಂಬತ್ತೂವರೆಯಾದರೂ ಇಸ್ತ್ರಿ ಹಾಕುತ್ತಿದ್ದ ಒಬ್ಬ ಅಜ್ಜ. ಹೋಪ್‌ಫಾರ್ಮ್ ಮೆಟ್ರೊ ನಿಲ್ದಾಣಕ್ಕೆ ಏಳು ನಿಮಿಷ, ಉದ್ದಕ್ಕೂ ಬೆಳಕು. ಕೋಣೆ ಚಿಕ್ಕದು, ಅಡುಗೆಮನೆ ಇನ್ನೂ ಚಿಕ್ಕದು, ಬಾಡಿಗೆ ಹನ್ನೆರಡು ಸಾವಿರ. ನೀರು ಹೇಗೆ ಎಂದರೆ ಮಾಲೀಕರು "ಕಾವೇರಿ ಇದೆ, ಏನೂ ತೊಂದರೆಯಿಲ್ಲ" ಅಂದರು. ಕೋಲಾರದವರಿಗೆ ನೀರಿನ ವಿಷಯದಲ್ಲಿ ಯಾರ ಮಾತೂ ಸಾಲದು. 2018ರಿಂದ ನಮ್ಮ ಜಿಲ್ಲೆಯ ಕೆರೆಗಳಿಗೆ ಬೆಂಗಳೂರು ಬಳಸಿ ಬಿಟ್ಟ ನೀರೇ ಸಂಸ್ಕರಣೆಯಾಗಿ ಕೆ.ಸಿ. ವ್ಯಾಲಿ ಯೋಜನೆಯಲ್ಲಿ ಬರುತ್ತಿದೆ. ಅಮ್ಮ ನೇರವಾಗಿ ಮೇಲಿನ ಮನೆಯ ಹೆಂಗಸಿನ ಹತ್ತಿರ ಹೋಗಿ, "2024ರ ಬೇಸಿಗೇಲಿ ಏನ್ ಮಾಡಿದ್ರಿ?" ಎಂದು ಕೇಳಿದಳು. ಟ್ಯಾಂಕರ್ ತರಿಸಿದ್ದರು, ದುಡ್ಡು ಎಲ್ಲ ಮನೆಯವರೂ ಹಂಚಿಕೊಂಡಿದ್ದರು ಎಂಬ ನಿಜ ಹೊರಬಂತು. ನಾವು ನೋಡುತ್ತಿದ್ದುದೂ ಏಪ್ರಿಲ್‌ನಲ್ಲೇ, ನಲ್ಲಿ ತಿರುಗಿಸಿದರೆ ನೀರು ಬಂತು. ಮನೆ ನೋಡುವುದಾದರೆ ಏಪ್ರಿಲ್‌ನಲ್ಲೇ ನೋಡಿ. ಆಗಸ್ಟಿನಲ್ಲಿ ಎಲ್ಲ ಮನೆಯಲ್ಲೂ ನೀರಿರುತ್ತದೆ.

ಅಕ್ಕನ ಜೊತೆ ಕೆಲಸಕ್ಕೆ ಸೇರಿದ ಚಿಂತಾಮಣಿಯ ಹುಡುಗಿಯೊಬ್ಬಳು ಬಾಡಿಗೆ ಹಂಚಿಕೊಳ್ಳಲು ಒಪ್ಪಿದಳು. ತಲಾ ಆರು ಸಾವಿರ, ಮೆಟ್ರೊಗೆ ದಿನಕ್ಕೆ ನಲವತ್ತು ರೂಪಾಯಿಯೊಳಗೆ. 2025ರ ಫೆಬ್ರುವರಿಯಲ್ಲಿ ಮೆಟ್ರೊದ ಗರಿಷ್ಠ ದರ 60ರಿಂದ 90 ರೂಪಾಯಿಗೆ ಏರಿದಾಗ ಕಾಲೇಜಿನಲ್ಲಿ ನಾವೆಲ್ಲ ಗೊಣಗಿದ್ದೆವು. ಎರಡೇ ನಿಲ್ದಾಣ ಹೋಗುವ ಅಕ್ಕನಿಗೆ ಅದರ ಬಿಸಿ ಅಷ್ಟಾಗಿ ತಟ್ಟಲಿಲ್ಲ. ಲೆಕ್ಕ ಹಾಕಿದರೆ ಮಾಲೂರಿನ ಮನೆಗಿಂತ ಇದೇ ಅಗ್ಗ. ಇದು ನನ್ನ ಹಾಳೆಯಲ್ಲಿ ಎಲ್ಲೂ ಹೊಳೆದಿರಲಿಲ್ಲ, ಏಕೆಂದರೆ "ಜೊತೆಗೆ ಯಾರು" ಎಂಬ ಪ್ರಶ್ನೆಯನ್ನೇ ನಾನು ಹಾಕಿಕೊಂಡಿರಲಿಲ್ಲ.

ಅಡ್ವಾನ್ಸ್ ಅರವತ್ತು ಸಾವಿರ. ಅಕ್ಕನ ಪಾಲಿನ ಮೂವತ್ತನ್ನು ಅಪ್ಪ ಕೊಟ್ಟರು. ಅದು ಓವರ್‌ಲಾಕ್ ಮೆಷಿನ್ ತರಲು ಎರಡು ವರ್ಷದಿಂದ ಕೂಡಿಟ್ಟಿದ್ದ ದುಡ್ಡು ಎಂದು ನಮಗೆಲ್ಲ ಗೊತ್ತಿತ್ತು, ಯಾರೂ ಬಾಯಿ ಬಿಡಲಿಲ್ಲ. ಅಲ್ಲಿಂದ ಹೊರಡುವಾಗ ಅಪ್ಪ ಬಾಗಿಲಿನ ಚಿಲಕವನ್ನು ಎರಡು ಸಲ ಹಾಕಿ ತೆಗೆದು ನೋಡಿದರು. ಮೂರನೇ ದಿನ ಒಬ್ಬರೇ ಹೋಗಿ ಹೊಸ ಚಿಲಕ ಹಾಕಿಸಿ ಬಂದರು.

ಆಗಸ್ಟ್‌ನಲ್ಲಿ ಅಕ್ಕನ ಪ್ರೊಬೇಷನ್ ಮುಗಿದು ಕೆಲಸ ಕಾಯಂ ಆಯಿತು. ಮೆಷಿನ್ ಇನ್ನೂ ಬಂದಿಲ್ಲ. ನಾನೀಗ ಏಳನೇ ಸೆಮಿಸ್ಟರ್, ಅದೇ ರೈಲು, ಅದೇ ಇಸ್ಪೀಟಿನ ಮೂಲೆ. ಸೋಮವಾರ ಮಾತ್ರ ಅಮ್ಮ ನನ್ನ ಕೈಗೆ ಎರಡು ಡಬ್ಬಿ ಕೊಡುತ್ತಾಳೆ. ರೈಲು ವೈಟ್‌ಫೀಲ್ಡ್‌ನಲ್ಲಿ ನಿಲ್ಲುವಾಗ ನಾನು ಬಾಗಿಲಲ್ಲಿ ನಿಂತಿರುತ್ತೇನೆ, ಅಕ್ಕ ಪ್ಲಾಟ್‌ಫಾರ್ಮ್ ಟಿಕೆಟ್ ತೆಗೆದುಕೊಂಡು ಕೆಳಗೆ. ಬಸ್ಸಾರಿನ ಡಬ್ಬಿ ಇಳಿಯುತ್ತದೆ, ಹೋದ ವಾರದ ಖಾಲಿ ಡಬ್ಬಿ ಹತ್ತುತ್ತದೆ. "ಅಮ್ಮ ಮಲಗ್ತಾಳೇನೋ ಸರಿಯಾಗಿ?" ಎಂದು ಕೇಳುತ್ತಾಳೆ. ಹೂಂ ಅನ್ನುವಷ್ಟರಲ್ಲಿ ಗಾಡಿ ಹೊರಟಿರುತ್ತದೆ.

ನಾನು ಹೇಳುವುದು ಪೂರ್ತಿ ನಿಜವಲ್ಲ. ಅಮ್ಮ ಈಗಲೂ ನಾಲ್ಕೂವರೆಗೇ ಏಳುತ್ತಾಳೆ, ಎದ್ದು ಏನೂ ಕೆಲಸವಿಲ್ಲದೆ ಬಾಗಿಲ ಬಳಿ ಕೂತಿರುತ್ತಾಳೆ.