ಐದು ನಿಮಿಷ, ಒಂದು ಮೈಕು

ಬೆಂಗಳೂರಿನ ಇಂದಿರಾನಗರ, ಕೋರಮಂಗಲದ ಕಡೆ ಯಾವುದೋ ಕೆಫೆಯ ಮಹಡಿಯಲ್ಲೋ ನೆಲಮಾಳಿಗೆಯಲ್ಲೋ 40 ಕುರ್ಚಿ ಹಾಕಿರುತ್ತಾರೆ. ಎದುರಿಗೆ ಒಂದು ಮೈಕು, ಒಂದು ಸ್ಟೂಲು, ಅದರ ಮೇಲೊಂದು ನೀರಿನ ಬಾಟಲಿ. ಎಂಟು ಗಂಟೆಗೆ ಅಂತ ಹೇಳಿ ಎಂಟೂವರೆಗೆ ಶುರು. ಹತ್ತು ಹನ್ನೆರಡು ಮಂದಿ ಒಬ್ಬರ ಹಿಂದೊಬ್ಬರು ಬಂದು ನಾಲ್ಕೈದು ನಿಮಿಷ ಮಾತಾಡಿ ಇಳಿಯುತ್ತಾರೆ. ಇದಕ್ಕೆ ಓಪನ್ ಮೈಕ್ ಎನ್ನುತ್ತಾರೆ. ಸ್ಟ್ಯಾಂಡಪ್ ಕಾಮಿಡಿಯ ಗರಡಿಮನೆ ಇದೇ. ಯೂಟ್ಯೂಬಿನಲ್ಲಿ ನಾವು ನೋಡಿ ನಗುವ ಷೋಗಳ ಒಂದೊಂದು ಸಾಲೂ ಇಂಥ ಕೋಣೆಗಳಲ್ಲಿ ಬಿದ್ದು, ಎದ್ದು, ಕತ್ತರಿಸಿಕೊಂಡು ಬಂದದ್ದು.

ಕತ್ತರಿ ಹೇಗೆ ಆಡುತ್ತದೆ ಎನ್ನುವುದಕ್ಕೆ ನಾನು ಕಂಡ ಒಂದು ಉದಾಹರಣೆ. ಬಾಡಿಗೆ ಮನೆ ಬಿಟ್ಟಾಗ ಪೇಂಟಿಂಗ್ ಹೆಸರಲ್ಲಿ ಅಡ್ವಾನ್ಸ್ ಮುರಿದುಕೊಳ್ಳುವ ಓನರ್ ಬಗ್ಗೆ ಒಬ್ಬ ಹುಡುಗ ಹೇಳುತ್ತಿದ್ದ: ‘ಗೋಡೆಗೆ ಬಣ್ಣ ಹೊಡೆಯೋಕೆ ರವಿವರ್ಮನ್ನ ಕರೆಸಿದ್ರಾ ಅಂತ ನಾನು ಅವರನ್ನ ಕೇಳ್ದೆ.’ ರವಿವರ್ಮನ ಹೆಸರು ಬಂದಾಗ ಹೊರಟ ನಗು, ಆಮೇಲಿನ ‘ಕರೆಸಿದ್ರಾ ಅಂತ ನಾನು ಅವರನ್ನ ಕೇಳ್ದೆ’ ಮುಗಿಯುವಷ್ಟರಲ್ಲಿ ಆರಿಹೋಯಿತು. ಇನ್ನೊಂದು ರಾತ್ರಿ ಅದೇ ಜೋಕು ಬಂತು: ‘ಪೂರ್ತಿ ಅಡ್ವಾನ್ಸು ಪೇಂಟಿಂಗಿಗೇ ಹೋಯ್ತಂತೆ. ಬಳಿದವನು ಯಾರು ಸಾರ್, ರವಿವರ್ಮನಾ?’ ಕೋಣೆ ಸಿಡಿಯಿತು. ಕ್ರಿಯಾಪದ ಕೊನೆಗೆ ಬರುವ ನಮ್ಮ ವಾಕ್ಯದಲ್ಲಿ ಪಂಚಿನ ಮಾತನ್ನು ತೀರಾ ಕೊನೆಗೆ ತಳ್ಳುವುದು ಸುಲಭವಲ್ಲ. ಆ ಹುಡುಗ ವ್ಯಾಕರಣ ಓದಿ ಅದನ್ನು ಕಲಿಯಲಿಲ್ಲ. ಜನ ನಗದೇ ಕೂತಾಗ ಕಲಿತ.

ಪಳಗಿದವರು ವೇದಿಕೆ ಹತ್ತಿ ಮೊದಲು ಮೈಕಿನ ಸ್ಟ್ಯಾಂಡನ್ನು ಪಕ್ಕಕ್ಕೆ ಸರಿಸುತ್ತಾರೆ. ಹೊಸಬರು ಸರಿಸುವುದಿಲ್ಲ, ಅದನ್ನೇ ಹಿಡಿದು ನಿಲ್ಲುತ್ತಾರೆ. ಭಯ ಅಲ್ಲೇ ಗೊತ್ತಾಗಿಬಿಡುತ್ತದೆ. ಒಂದು ನಿಮಿಷ ಉಳಿದಿದೆ ಎನ್ನುವಾಗ ಹಿಂದಿನಿಂದ ಯಾರೋ ಮೊಬೈಲ್ ಟಾರ್ಚ್ ಮಿಣುಕಿಸುತ್ತಾರೆ. ಅದು ‘ಲೈಟ್’. ಲೈಟ್ ಬಿದ್ದ ಮೇಲೂ ಎಳೆಯುವವರ ಹೆಸರು ಮುಂದಿನ ವಾರದ ಪಟ್ಟಿಯಲ್ಲಿ ಇರುವುದು ಕಷ್ಟ. ಕುರ್ಚಿಗಳಲ್ಲಿ ಅರ್ಧದಷ್ಟು ಜನ ತಮ್ಮ ಸರದಿಗೆ ಕಾಯುತ್ತಿರುವ ಕಾಮಿಡಿಯನ್ನರೇ. ಮೊಬೈಲಿನಲ್ಲಿ ತಮ್ಮ ಸಾಲು ಬಾಯಿಪಾಠ ಮಾಡುತ್ತಾ ಕೂತ ಅವರನ್ನು ನಗಿಸುವುದಕ್ಕಿಂತ ಕಂದಾಯ ಇಲಾಖೆಯ ಗುಮಾಸ್ತರನ್ನು ನಗಿಸುವುದು ಸಲೀಸು.

ಕೋಣೆ ಚಿಕ್ಕದಿದ್ದಷ್ಟೂ ಒಳ್ಳೆಯದು. ಮಾಡು ತಗ್ಗಿರಬೇಕು, ಕುರ್ಚಿಗಳು ಒತ್ತೊತ್ತಾಗಿರಬೇಕು, ಜನರ ಮೇಲೆ ಬೆಳಕು ಬೀಳಬಾರದು. ಆಗ ಒಬ್ಬರ ನಗು ಪಕ್ಕದವರಿಗೆ ಹತ್ತಿಕೊಳ್ಳುತ್ತದೆ. ದೊಡ್ಡ ಸಭಾಂಗಣದಲ್ಲಿ ಅಲ್ಲೊಬ್ಬರು ಇಲ್ಲೊಬ್ಬರು ಕೂತರೆ ಅದೇ ಜೋಕು ಸತ್ತು ಬೀಳುತ್ತದೆ.

ಇಂಥ ಕೋಣೆಗಳನ್ನೇ ಕಸುಬಾಗಿಸಿದ ಕಾಮಿಡಿ ಕ್ಲಬ್ಬುಗಳ ಪದ್ಧತಿ ಅಮೆರಿಕದ್ದು. 1963ರಲ್ಲಿ ನ್ಯೂಯಾರ್ಕಿನಲ್ಲಿ ಬಡ್ ಫ್ರೀಡ್‌ಮನ್ ‘ದಿ ಇಂಪ್ರಾವ್’ ಶುರು ಮಾಡಿದ. ಹಿಂದಿನ ಗೋಡೆಯ ಇಟ್ಟಿಗೆ ಮುಚ್ಚಿಸಲು ದುಡ್ಡು ಸಾಲದೆ ಹಾಗೇ ಬಿಟ್ಟನಂತೆ. ಇವತ್ತು ಜಗತ್ತಿನ ಎಷ್ಟೋ ಕಾಮಿಡಿ ಕ್ಲಬ್ಬುಗಳು ದುಡ್ಡು ಕೊಟ್ಟು ಇಟ್ಟಿಗೆ ಗೋಡೆಯ ವೇಷ ಹಾಕಿಸಿಕೊಳ್ಳುತ್ತವೆ! ಲಾಸ್ ಏಂಜಲೀಸಿನ ‘ಕಾಮಿಡಿ ಸ್ಟೋರ್’ನಲ್ಲಿ 1979ರಲ್ಲಿ ಕಾಮಿಡಿಯನ್ನರು ಮುಷ್ಕರ ಹೂಡಿದರು, ಟಿಕೆಟ್ ಹಣ ಕ್ಲಬ್ಬಿಗೆ, ನಗಿಸಿದವರಿಗೆ ಸೊನ್ನೆ ಎನ್ನುವುದು ಜಗಳ. ಕೊನೆಗೆ ಒಂದು ಸರದಿಗೆ 25 ಡಾಲರ್ ಸಿಕ್ಕಿತು. ನಮ್ಮ ಓಪನ್ ಮೈಕ್‌ಗಳಲ್ಲಿ ಈಗಲೂ ಸಾಮಾನ್ಯವಾಗಿ ಸೊನ್ನೆಯೇ. ಅದೇ ಹೆಸರಿನ ಲಂಡನ್ನಿನ ಕ್ಲಬ್ಬು 2010ರಲ್ಲಿ ಮುಂಬೈಗೆ ಬಂದ ಮೇಲೆ ಈ ಗಾಳಿ ಭಾರತದ ನಗರಗಳಲ್ಲಿ ಜೋರಾಯಿತು.

ಹಾಗಂತ ನಗಿಸುವ ಕಸುಬು ನಮಗೆ ಹೊಸದಲ್ಲ. ‘ಲಂಚಾವತಾರ’ ನಾಟಕದಲ್ಲಿ ಮಾಸ್ಟರ್ ಹಿರಣ್ಣಯ್ಯ ಅಂದಂದಿನ ರಾಜಕೀಯವನ್ನು ನಿಂತಲ್ಲೇ ಹೆಣೆದು ಹೇಳುತ್ತಿದ್ದರು, ಅದಕ್ಕಾಗಿ ಕೋರ್ಟಿನ ಮೆಟ್ಟಿಲನ್ನೂ ಹತ್ತಿದರು. ಬೀಚಿಯವರ ನಗೆಹನಿಗಳನ್ನು ಗಂಗಾವತಿ ಪ್ರಾಣೇಶ್ ಸಾವಿರಾರು ಜನರ ಮುಂದೆ ಹೇಳಿ ಹೊಟ್ಟೆ ಹುಣ್ಣಾಗಿಸುತ್ತಾರೆ. ಹಾಸ್ಯಸಂಜೆಯಲ್ಲಿ ಹಳೆಯ ನಗೆಹನಿ ಎಲ್ಲರ ಸ್ವತ್ತು. ಕ್ಲಬ್ಬಿನಲ್ಲಿ ಇನ್ನೊಬ್ಬರ ಜೋಕು ಹೇಳಿದರೆ ಕಳ್ಳತನ. ಅಲ್ಲಿ ನಿಮ್ಮ ಅಪ್ಪ, ನಿಮ್ಮ ಪಿಜಿ, ನಿಮ್ಮ ಮುರಿದುಬಿದ್ದ ಮದುವೆ ಮಾತುಕತೆಯೇ ಸರಕು. ‘ಲೋಲ್‌ಬಾಗ್’ ತಂಡದಂಥವರು ಇದನ್ನು ಕನ್ನಡದಲ್ಲೇ ಮಾಡಿ, ಟಿಕೆಟ್ ಇಟ್ಟು, ಜನರನ್ನು ಕೂರಿಸಿದರು. ಇಂಗ್ಲಿಷ್, ಹಿಂದಿಯ ನಡುವೆ ಸಿಗುವ ಒಂದೋ ಎರಡೋ ಸರದಿಗಿಂತ ಪೂರ್ತಿ ಕನ್ನಡದ ರಾತ್ರಿಗಳೇ ಹೆಚ್ಚು ಚುರುಕು ಎನ್ನುವುದು ನನ್ನ ಅನಿಸಿಕೆ. ಧಾರವಾಡದ ಮಾತಿಗೂ ಮಂಡ್ಯದ ಮಾತಿಗೂ ಅಲ್ಲಿ ವಿವರಣೆ ಬೇಕಿಲ್ಲ.

ಎಲ್ಲವೂ ಚೆನ್ನಾಗಿರುತ್ತದೆ ಎಂದುಕೊಂಡು ಹೋಗಬೇಡಿ. ಟ್ರಾಫಿಕ್ಕು, ಬ್ಯಾಚುಲರ್ ರೂಮು, ಡೇಟಿಂಗ್ ಆ್ಯಪ್ ಮತ್ತೆ ಮತ್ತೆ ಬರುತ್ತವೆ. ಬೈಗುಳವನ್ನೇ ಪಂಚ್ ಅಂದುಕೊಂಡವರೂ ಸಿಗುತ್ತಾರೆ. ಆದರೆ ಹತ್ತರಲ್ಲಿ ಒಂದಿಬ್ಬರ ಮಾತು ಮನೆಗೆ ಬಂದ ಮೇಲೂ ನೆನಪಾಗುತ್ತದೆ. ಹೋದರೆ ಮುಂದಿನ ಸಾಲು ಖಾಲಿ ಬಿಡಬೇಡಿ. ಮೊಬೈಲಿನಲ್ಲಿ ರೆಕಾರ್ಡ್ ಮಾಡಬೇಡಿ, ಇನ್ನೂ ಹಣ್ಣಾಗದ ಜೋಕು ಅದು. ನಗು ಬರದಿದ್ದರೆ ಮುಲಾಜಿಗೆ ನಗಬೇಡಿ. ಮೇಲೆ ನಿಂತವರು ಬಂದಿರುವುದೇ ಅದನ್ನು ತಿಳಿಯಲು.