ನಿಮ್ಮ ಫೋನಿನಲ್ಲಿ ತೆರೆಯುವ ಪುಟ ಗೂಗಲ್‌ಗೇಕೆ ತೆರೆಯದು?

ನವಲಗುಂದದ ಜಮಖಾನಕ್ಕೆ ಭೌಗೋಳಿಕ ಸೂಚಕದ ಮಾನ್ಯತೆ ಇದೆ. ಕಲಘಟಗಿಯ ಬಣ್ಣದ ತೊಟ್ಟಿಲಿಗೆ ಊರಾಚೆಗೂ ಹೆಸರಿದೆ. ಇಂಥ ಸರಕಿಗೆ ಗಿರಾಕಿ ಇರುವುದು ದೂರದ ನಗರಗಳಲ್ಲಿ. ಆದ್ದರಿಂದ ಒಂದು ವೆಬ್‌ಸೈಟ್ ಮಾಡಿಸಿ ಗೂಗಲ್‌ನಲ್ಲಿ ಜಾಹೀರಾತು ಹಾಕುವುದು ಸರಿಯಾದ ದಾರಿಯೇ. ತೊಂದರೆ ಶುರುವಾಗುವುದು ಜಾಹೀರಾತಿನ ಪಕ್ಕದಲ್ಲಿ ‘ಡಿಸ್ಅಪ್ರೂವ್ಡ್’ ಎಂಬ ಕೆಂಪಕ್ಷರ ಕಂಡಾಗ. ಕಾರಣದ ಜಾಗದಲ್ಲಿ ‘ಡೆಸ್ಟಿನೇಶನ್ ನಾಟ್ ಕ್ರಾಲಬಲ್’ ಅಥವಾ ‘ಡೆಸ್ಟಿನೇಶನ್ ನಾಟ್ ವರ್ಕಿಂಗ್’ ಎಂದಿರುತ್ತದೆ. ಅಂಗಡಿಯವರು ಫೋನ್ ತೆಗೆದು ಲಿಂಕ್ ಒತ್ತಿ ನೋಡಿದರೆ ಪುಟ ಸರಾಗವಾಗಿ ತೆರೆಯುತ್ತದೆ. ಹಾಗಾದರೆ ತಪ್ಪು ಗೂಗಲ್‌ನದೇ ಎಂದು ಎಷ್ಟೋ ಜನ ಅಲ್ಲಿಗೇ ಕೈಬಿಡುತ್ತಾರೆ.

ಪುಟ ನಿಮಗೆ ತೆರೆಯಿತು ಎಂಬುದು ಇಲ್ಲಿ ಪುರಾವೆಯಾಗುವುದಿಲ್ಲ. ಜಾಹೀರಾತನ್ನು ಒಪ್ಪುವ ಮೊದಲು ಗೂಗಲ್ ‘ಆಡ್ಸ್‌ಬಾಟ್’ ಎಂಬ ತಂತ್ರಾಂಶವನ್ನು ನಿಮ್ಮ ಪುಟಕ್ಕೆ ಕಳಿಸುತ್ತದೆ. ಅದು ಬರುವುದು ಸಾಮಾನ್ಯವಾಗಿ ಭಾರತದ ಹೊರಗಿನ ಸರ್ವರ್‌ಗಳಿಂದ. ಅದರ ಬಳಿ ನಿಮ್ಮ ಲಾಗಿನ್ ಇಲ್ಲ, ಹಳೆಯ ಕುಕೀ ಇಲ್ಲ. ಜೊತೆಗೆ ತಾನು ಬಾಟ್ ಎಂದು ಹೆಸರು ಹೇಳಿಕೊಂಡೇ ಬರುತ್ತದೆ. ಈ ಸಂಗತಿಗಳಲ್ಲಿ ಯಾವುದೋ ಒಂದಕ್ಕೆ ನಿಮ್ಮ ಸೈಟು ಬಾಗಿಲು ಹಾಕಿರುತ್ತದೆ.

ವೆಬ್‌ಸೈಟ್ ಮಾಡಿಕೊಟ್ಟವರನ್ನು ಕೇಳಿದರೆ ಅವರು ಮೊದಲು ನೋಡುವುದು ‘ರೋಬಾಟ್ಸ್ ಡಾಟ್ ಟೆಕ್ಸ್ಟ್’ ಕಡತವನ್ನು. ಯಾವ ಬಾಟ್ ಎಲ್ಲಿಗೆ ಬರಬಹುದು, ಎಲ್ಲಿಗೆ ಬರಬಾರದು ಎಂದು ಬರೆದಿಡುವ ಈ ಪದ್ಧತಿ 1994ರಿಂದ ಇದೆ; 2022ರಲ್ಲಿ ಅಧಿಕೃತ ಮಾನದಂಡವೂ ಆಯಿತು. ಅದರಲ್ಲಿ ನಕ್ಷತ್ರ ಚಿಹ್ನೆ ಹಾಕಿ ಬರೆದ ನಿಯಮ ಎಲ್ಲ ಬಾಟ್‌ಗಳಿಗೂ ಅನ್ವಯ ಎಂದು ಹೆಚ್ಚಿನವರ ತಿಳಿವಳಿಕೆ. ಆಡ್ಸ್‌ಬಾಟ್ ಮಾತ್ರ ಆ ನಕ್ಷತ್ರದ ಸಾಲನ್ನು ಲೆಕ್ಕಕ್ಕೆ ತೆಗೆದುಕೊಳ್ಳುವುದಿಲ್ಲ. ‘ಆಡ್ಸ್‌ಬಾಟ್-ಗೂಗಲ್’ ಅಥವಾ ‘ಆಡ್ಸ್‌ಬಾಟ್-ಗೂಗಲ್-ಮೊಬೈಲ್’ ಎಂದು ಹೆಸರು ಹಿಡಿದು ತಡೆದಿದ್ದರೆ ಮಾತ್ರ ಅದು ನಿಲ್ಲುತ್ತದೆ. ಅಂಥ ಸಾಲಿದ್ದರೆ ಅಳಿಸಿ. ಇಲ್ಲದಿದ್ದರೆ ಆ ಕಡತವನ್ನು ತಿದ್ದುತ್ತ ಕೂರಬೇಡಿ, ಅಡ್ಡಿ ಬೇರೆಡೆ ಇದೆ.

ಆ ಬೇರೆಡೆ ಎಂಬುದು ಬಹುಪಾಲು ಹೋಸ್ಟಿಂಗ್ ಕಂಪನಿಯ ಫೈರ್‌ವಾಲ್, ಇಲ್ಲವೇ ದೇಶವಾರು ತಡೆ. ಹ್ಯಾಕಿಂಗ್ ಭಯಕ್ಕೆ ಭಾರತದ ಹೊರಗಿನ ಸಂಪರ್ಕವನ್ನೆಲ್ಲ ಮುಚ್ಚುವುದು ನಮ್ಮಲ್ಲಿ ಅಪರೂಪವಲ್ಲ. 2025ರ ಮೇ ತಿಂಗಳಲ್ಲಿ ಎನ್‌ಎಸ್‌ಇ, ಬಿಎಸ್‌ಇಗಳಂಥ ಷೇರುಪೇಟೆಗಳೂ ತಮ್ಮ ಸೈಟುಗಳಿಗೆ ವಿದೇಶಿ ಸಂಪರ್ಕವನ್ನು ತಾತ್ಕಾಲಿಕವಾಗಿ ನಿರ್ಬಂಧಿಸಿದ್ದವು. ಅವರಿಗೆ ಅದಕ್ಕೆ ಕಾರಣವಿತ್ತು. ತೊಟ್ಟಿಲು ಮಾರುವವರು ಹಾಗೆ ಮಾಡಿದರೆ ಹೊರಗೆ ನಿಲ್ಲುವುದು ಆಡ್ಸ್‌ಬಾಟೇ.

ಇದನ್ನು ಪತ್ತೆಹಚ್ಚಲು ದುಡ್ಡು ಬೇಕಿಲ್ಲ. ಅಮೆರಿಕದಲ್ಲೋ ದುಬೈಯಲ್ಲೋ ಇರುವ ಬಳಗದವರಿಗೆ ವಾಟ್ಸ್ಆ್ಯಪ್‌ನಲ್ಲಿ ಲಿಂಕ್ ಕಳಿಸಿ, ತೆರೆಯುತ್ತದೆಯೇ ಎಂದು ಕೇಳಿ. ತೆರೆಯದಿದ್ದರೆ ದೇಶದ ತಡೆ ಇರುವುದು ಬಹುತೇಕ ಖಚಿತ. ಅಲ್ಲಿ ತೆರೆದೂ ಜಾಹೀರಾತು ತಿರಸ್ಕೃತವಾಗುತ್ತಿದ್ದರೆ ಬಾಟ್ ಎಂಬ ಕಾರಣಕ್ಕೇ ತಡೆ ಬಿದ್ದಿರಬಹುದು. ಗೂಗಲ್‌ನ ಸರ್ಚ್ ಕನ್ಸೋಲ್‌ನಲ್ಲಿ ಪರೀಕ್ಷಿಸಿ ‘ಎಲ್ಲ ಸರಿ ಇದೆ’ ಎಂದು ಹೇಳುವವರ ಮಾತಿಗೆ ಸಮಾಧಾನಪಡಬೇಡಿ. ಅಲ್ಲಿ ಬರುವುದು ಹುಡುಕಾಟಕ್ಕೆ ಸೇರಿದ ಬೇರೆ ಬಾಟ್. ಅದನ್ನು ಬಿಟ್ಟುಕೊಳ್ಳುವ ಫೈರ್‌ವಾಲ್ ಆಡ್ಸ್‌ಬಾಟನ್ನು ತಡೆಯಬಹುದು.

ನಿಜವಾದ ಸಾಕ್ಷಿ ಸಿಗುವುದು ಸರ್ವರ್‌ನ ಲಾಗ್ ಕಡತದಲ್ಲಿ. ನಿಮ್ಮ ಹೋಸ್ಟಿಂಗ್ ಖಾತೆಯಲ್ಲಿ ಸಿಪ್ಯಾನೆಲ್ ಎಂಬ ನಿರ್ವಹಣಾ ಪುಟ ಇದ್ದರೆ ‘ರಾ ಆಕ್ಸೆಸ್’ ಎಂಬಲ್ಲಿ ಇಳಿಸಿಕೊಳ್ಳಬಹುದು. ಪ್ರತಿ ಸಾಲಿನಲ್ಲೂ ಬಂದವರ ಐಪಿ ವಿಳಾಸ, ಹೊತ್ತು, ಕೇಳಿದ ಪುಟ, ಸರ್ವರ್ ಕೊಟ್ಟ ಉತ್ತರದ ಸಂಖ್ಯೆ, ಕೊನೆಯಲ್ಲಿ, ಬಂದವರು ಹೇಳಿಕೊಂಡ ಹೆಸರು ಇರುತ್ತವೆ. ಆಡ್ಸ್‌ಬಾಟ್ ಹೆಸರಿರುವ ಸಾಲು ಹುಡುಕಿ ಆ ಮೂರಂಕಿಯನ್ನು ನೋಡಿ. 200 ಎಂದಿದ್ದರೆ ಪುಟ ಸಿಕ್ಕಿದೆ. 403 ಎಂದರೆ ತಡೆದಿದ್ದಾರೆ, 404 ಎಂದರೆ ಆ ವಿಳಾಸದಲ್ಲಿ ಪುಟವೇ ಇಲ್ಲ, 500ರ ಸಾಲಿನ ಸಂಖ್ಯೆಯಾದರೆ ಸರ್ವರ್ ಕೈಕೊಟ್ಟಿದೆ. ಹೆಸರೇ ಕಾಣದಿದ್ದರೆ ಸರ್ವರ್‌ಗಿಂತ ಮುಂಚೆ, ಕ್ಲೌಡ್‌ಫ್ಲೇರ್‌ನಂಥ ರಕ್ಷಣಾ ಸೇವೆಯಲ್ಲೇ ಅದು ನಿಂತಿರಬಹುದು.

404ಕ್ಕೆ ಕನ್ನಡದ ಸೈಟುಗಳಲ್ಲಿ ಒಂದು ವಿಶೇಷ ಕಾರಣವಿದೆ. ಪುಟದ ವಿಳಾಸದಲ್ಲಿ ಕನ್ನಡ ಅಕ್ಷರ ಇದ್ದರೆ ಕಂಪ್ಯೂಟರ್ ಅದನ್ನು ಶೇಕಡಾ ಚಿಹ್ನೆಗಳ ಸರಮಾಲೆಯಾಗಿ ಬದಲಿಸುತ್ತದೆ. ‘ಜಮಖಾನ’ ಎಂಬ ಪುಟ್ಟ ಪದವೇ 45 ಚಿಹ್ನೆಗಳಷ್ಟು ಉದ್ದವಾಗುತ್ತದೆ. ನಕಲು ಮಾಡುವಾಗ ಕೊನೆಯದೊಂದು ಚಿಹ್ನೆ ತಪ್ಪಿದರೂ ವಿಳಾಸ ಕೆಡುತ್ತದೆ. ಪುಟದೊಳಗೆ ಧಾರಾಳವಾಗಿ ಕನ್ನಡ ಇರಲಿ, ಇರಲೇಬೇಕು. ಜಾಹೀರಾತಿಗೆ ಕೊಡುವ ವಿಳಾಸವನ್ನು ಮಾತ್ರ ಚಿಕ್ಕ ಇಂಗ್ಲಿಷ್ ಪದದಲ್ಲಿ ಇಡಿ.

ಫೈರ್‌ವಾಲ್ ಅಡ್ಡಿ ಎಂದು ಗೊತ್ತಾದರೆ ಅದನ್ನೇ ತೆಗೆದುಹಾಕಬೇಡಿ. ಗಿರಾಕಿಗಳ ಫೋನ್ ನಂಬರು, ಮನೆ ವಿಳಾಸ ನಿಮ್ಮ ಸೈಟಿನಲ್ಲಿರುತ್ತವೆ. ದೃಢಪಟ್ಟ ಬಾಟ್‌ಗಳಿಗೆ ಮಾತ್ರ ವಿನಾಯಿತಿ ಕೊಡುವ ನಿಯಮ ಸೇರಿಸುವಂತೆ ಹೋಸ್ಟಿಂಗ್‌ನವರಿಗೆ ಬರೆಯಿರಿ. ಹೆಸರನ್ನಷ್ಟೇ ನಂಬಿ ಬಿಡುವುದೂ ಅಪಾಯ. ಆಡ್ಸ್‌ಬಾಟ್ ಎಂದು ಸುಳ್ಳು ಹೆಸರಲ್ಲಿ ಯಾರು ಬೇಕಾದರೂ ಬರಬಹುದು. ಬಂದ ಐಪಿ ವಿಳಾಸ ಯಾರದೆಂದು ತಿರುವಿ (ರಿವರ್ಸ್ ಡಿಎನ್‌ಎಸ್) ನೋಡಿದಾಗ ಗೂಗಲ್‌ನ ಡೊಮೇನ್ ಸಿಗಬೇಕು, ಆ ಡೊಮೇನಿನಿಂದ ಮತ್ತೆ ಅದೇ ಐಪಿ ಬರಬೇಕು. ತನ್ನ ಬಾಟ್‌ಗಳ ಐಪಿ ಪಟ್ಟಿಯನ್ನೂ ಗೂಗಲ್ ಪ್ರಕಟಿಸುತ್ತದೆ. ಹೋಸ್ಟಿಂಗ್‌ನವರಿಗೆ ಬರೆಯುವ ಪತ್ರಕ್ಕೆ ಲಾಗ್‌ನ 403 ಇರುವ ಸಾಲನ್ನು ಲಗತ್ತಿಸಿ. ‘ನಮ್ಮ ಕಡೆ ಏನೂ ತೊಂದರೆ ಇಲ್ಲ’ ಎಂಬ ಸಿದ್ಧ ಉತ್ತರ ಆಗ ಬರುವುದಿಲ್ಲ.

ಸರಿಪಡಿಸಿದ ಮೇಲೆ ಗೂಗಲ್ ಆಡ್ಸ್‌ನಲ್ಲಿ ಮೇಲ್ಮನವಿ ಸಲ್ಲಿಸಬೇಕು. ಅಲ್ಲಿ ‘ನಿರ್ಧಾರ ಒಪ್ಪುವುದಿಲ್ಲ’ ಎಂಬ ಆಯ್ಕೆ ಬೇಡ, ‘ನಿಯಮಕ್ಕೆ ತಕ್ಕಂತೆ ಬದಲಾವಣೆ ಮಾಡಿದ್ದೇವೆ’ ಎಂಬುದನ್ನು ಒತ್ತಿ. ರೋಬಾಟ್ಸ್ ಕಡತ ತಿದ್ದಿದ್ದರೆ ಒಂದು ದಿನ ತಡೆದು ಸಲ್ಲಿಸಿ. ಹಳೆಯ ಪ್ರತಿಯನ್ನು ಗೂಗಲ್ ಸಾಮಾನ್ಯವಾಗಿ 24 ತಾಸಿನವರೆಗೆ ಇಟ್ಟುಕೊಂಡಿರುತ್ತದೆ. ಇದಕ್ಕೆಲ್ಲ ಸಮಯ ಹಿಡಿಯುವುದರಿಂದ ದೀಪಾವಳಿಯ ಜಾಹೀರಾತನ್ನು ಹಬ್ಬಕ್ಕೆ ಎರಡು ವಾರ ಮೊದಲೇ ಹಾಕಿ, ಒಪ್ಪಿಗೆ ಸಿಕ್ಕ ಮೇಲೆ ಬೇಕಾದ ದಿನದವರೆಗೆ ನಿಲ್ಲಿಸಿಡಿ.